ಹೆಸರು ಬೇಡ ಅಂದರೆ ಸಾಲದು

ವರದಿಗಾರರು ನಿಮ್ಮ ಬದುಕಿನ ಕಥೆ ಕೇಳಿಕೊಂಡು ಬಂದಾಗ ಏನು ಕೇಳಬೇಕು, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟರೆ ಕಡಕೊಳ ಕಳೆದ ಮೇಲೆ ತಾಂಡವಪುರ. ಹೊಲ, ರೈಲು ನಿಲ್ದಾಣ, ಎಂಜಿನಿಯರಿಂಗ್ ಕಾಲೇಜು, ತಾಂಡ್ಯ ಕೈಗಾರಿಕಾ ಪ್ರದೇಶ, ಮುಂದೆ ನಂಜನಗೂಡಿನ ಕಾರ್ಖಾನೆಗಳು. ಯಾರ ಮನೆಯ ಹುಡುಗ ಯಾವ ಫ್ಯಾಕ್ಟರಿಯಲ್ಲಿ ಯಾವ ಷಿಫ್ಟ್‌ಗೆ ಹೋಗುತ್ತಾನೆ ಎಂಬುದು ಈ ಸೀಮೆಯಲ್ಲಿ ಟೀ ಅಂಗಡಿಯವರಿಗೂ ಗೊತ್ತು. ಹಾಗಾಗಿ ಇಲ್ಲಿನ ಒಬ್ಬರ ಕಥೆ ಸುದ್ದಿಯಾಗುವುದಕ್ಕೂ ಬೆಂಗಳೂರಿನಲ್ಲಿ ಒಬ್ಬರ ಕಥೆ ಸುದ್ದಿಯಾಗುವುದಕ್ಕೂ ಬಹಳ ವ್ಯತ್ಯಾಸವಿದೆ. ಅಲ್ಲಿ ಹೆಸರು ಮುಚ್ಚಿಟ್ಟರೆ ಮನುಷ್ಯ ಜನರ ನಡುವೆ ಮರೆಯಾಗುತ್ತಾನೆ. ಇಲ್ಲಿ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ, ಬಿಟ್ಟ ಜಾಗದಲ್ಲಿ ಊರೇ ಹೆಸರು ತುಂಬಿಕೊಳ್ಳುತ್ತದೆ.

ಇದನ್ನು ಈ ಭಾಗದವರು 2020ರಲ್ಲಿ ಕಣ್ಣಾರೆ ಕಂಡರು. ಆ ವರ್ಷ ಮಾರ್ಚ್ 26ರಂದು ನಂಜನಗೂಡಿನ ಜ್ಯುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಇರುವುದು ದೃಢಪಟ್ಟಿತು. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ. ಸೋಂಕು ಎಲ್ಲಿಂದ ಬಂತು ಎಂಬ ಪ್ರಶ್ನೆ ರಾಜ್ಯವಿಡೀ ಸುತ್ತಿತು. ಚೀನಾದಿಂದ ಬಂದ ಕಚ್ಚಾವಸ್ತುವಿನ ಮೇಲೆ ಅನುಮಾನ ಬಿತ್ತು, ಮೂಲ ಹುಡುಕಲು ಸರ್ಕಾರ ಐಎಎಸ್ ಅಧಿಕಾರಿ ಹರ್ಷ ಗುಪ್ತ ಅವರನ್ನು ನೇಮಿಸಿತು. ಸಾವಿರಕ್ಕೂ ಹೆಚ್ಚು ನೌಕರರು ಕ್ವಾರಂಟೈನ್ ಆದರು. ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಪ್ರಕರಣಗಳು ಆ ಒಂದೇ ಕಾರ್ಖಾನೆಯ ನಂಟಿನವು ಎಂದು ಲೆಕ್ಕಕ್ಕೆ ಸೇರಿದವು. ಆರೋಗ್ಯ ಇಲಾಖೆಯ ಬುಲೆಟಿನ್‌ನಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಇರುತ್ತಿದ್ದುದು ಒಂದು ರೋಗಿ ಸಂಖ್ಯೆ, ವಯಸ್ಸು, ಜಿಲ್ಲೆ, ಯಾರ ಸಂಪರ್ಕದಿಂದ ಸೋಂಕು ತಗುಲಿತು ಎಂಬ ಒಂದು ಸಾಲು. ಸಂಖ್ಯೆ ಕೊಟ್ಟದ್ದೇ ಗುರುತು ಮರೆಮಾಡಲು. ಆದರೆ ಟಿವಿಯಲ್ಲಿ ದಿನವಿಡೀ ಸುತ್ತಿದ ಆ ಎರಡಂಕಿಯ ಸಂಖ್ಯೆಯೇ ಒಬ್ಬ ಮನುಷ್ಯನ ಹೆಸರಾಗಿಹೋಯಿತು. ಆ ಸಂಖ್ಯೆಯನ್ನು ನಾನಿಲ್ಲಿ ಬರೆಯುತ್ತಿಲ್ಲ. ಅದು ತಿಳಿಯದಿದ್ದರೆ ಓದುಗರಿಗೆ ನಷ್ಟವಿಲ್ಲ, ಮತ್ತೆ ಬರೆದರೆ ಆ ಮನೆಯವರಿಗೆ ನಷ್ಟವಿದೆ.

ಅದೇ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಸಾರ್ವಜನಿಕವಾಗಿ ಹಾಕಿತ್ತು. ಅದರಲ್ಲಿ ಮುಖ್ಯವಾಗಿ ಇದ್ದುದು ವಿಳಾಸ. ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಲು ಅಷ್ಟೇ ಸಾಕಾಯಿತು.

ಕೊರೊನಾ ಕಾಲ ಮುಗಿದಿದೆ. ಆದರೆ ಅಪಘಾತ, ಆಸ್ಪತ್ರೆಯ ನಿರ್ಲಕ್ಷ್ಯ, ರೈತನ ಆತ್ಮಹತ್ಯೆ, ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದ ಕುಟುಂಬ, ಅಂತರ್ಜಾತಿ ಮದುವೆಯ ಜಗಳ, ಹೀಗೆ ಯಾವ ದಿನ ಯಾರ ಮನೆ ಬಾಗಿಲಿಗೆ ಮೈಕ್ ಬರುತ್ತದೋ ಹೇಳಲಾಗದು. ಈಗ ಬಾಗಿಲಿಗೇ ಬರಬೇಕೆಂದೂ ಇಲ್ಲ. ನೀವು ಗ್ರೂಪಿನಲ್ಲಿ ಬರೆದ ನಾಲ್ಕು ಸಾಲು ನೋಡಿ ಫೋನ್ ಮಾಡುವವರೂ ಇದ್ದಾರೆ. ಅಂಥ ದಿನಕ್ಕೆ ಈ ಬರಹ.

ಬಂದವರು ಯಾರು?

ಮೊದಲ ಪ್ರಶ್ನೆ ನಿಮ್ಮದಾಗಿರಲಿ: "ಯಾವ ಪೇಪರು ಸಾರ್? ಯಾವ ಚಾನೆಲ್ಲು?" ಇದು ಮರ್ಯಾದೆಗೆಟ್ಟ ಪ್ರಶ್ನೆಯಲ್ಲ. ನಿಜವಾದ ವರದಿಗಾರರು ಹೆಸರು, ಸಂಸ್ಥೆ, ಫೋನ್ ನಂಬರು ಮೂರನ್ನೂ ಸಂಕೋಚವಿಲ್ಲದೆ ಹೇಳುತ್ತಾರೆ. ಅನುಮಾನ ಬಂದರೆ ಪತ್ರಿಕೆಯ ಮೈಸೂರು ಕಚೇರಿಗೆ ಒಂದು ಫೋನ್ ಮಾಡಿ ಕೇಳಬಹುದು. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಮಾನ್ಯತೆ ಪಡೆದ ಪತ್ರಕರ್ತರಿಗೆ ಕಾರ್ಡ್ ಕೊಡುತ್ತದೆ. ಆದರೆ ತಾಲ್ಲೂಕು ಮಟ್ಟದಲ್ಲಿ ದುಡಿಯುವ ಎಷ್ಟೋ ಪ್ರಾಮಾಣಿಕ ಅರೆಕಾಲಿಕ ವರದಿಗಾರರ ಹತ್ತಿರ ಆ ಕಾರ್ಡ್ ಇರುವುದಿಲ್ಲ. ಹಾಗಾಗಿ ಕಾರ್ಡ್‌ಗಿಂತ ಸಂಸ್ಥೆಯ ಖಾತರಿ ಮುಖ್ಯ. "ದುಡ್ಡು ಕೊಟ್ಟರೆ ಸುದ್ದಿ ಹಾಕ್ತೀನಿ" ಅಥವಾ "ದುಡ್ಡು ಕೊಡದಿದ್ದರೆ ಸುದ್ದಿ ಹಾಕ್ತೀನಿ" ಎಂದವರು ಪತ್ರಕರ್ತರಲ್ಲ. ಎರಡನೆಯ ಮಾತು ಸುಲಿಗೆ. ಅದಕ್ಕೆ ಪೊಲೀಸ್ ಠಾಣೆ ಇದೆ.

ಎರಡನೆಯ ಪ್ರಶ್ನೆ: ನನ್ನ ನಂಬರು ಎಲ್ಲಿಂದ ಸಿಕ್ಕಿತು? ಮೂರನೆಯದು: ಸುದ್ದಿ ಏನು, ಅದರಲ್ಲಿ ನನ್ನ ಪಾತ್ರ ಏನು? "ಸುಮ್ಮನೆ ಒಂದು ಬೈಟ್ ಕೊಡಿ ಅಕ್ಕಾ, ಎರಡೇ ನಿಮಿಷ" ಎಂಬುದು ಉತ್ತರವಲ್ಲ. ನಿಮ್ಮ ನೋವನ್ನು ಆಸ್ಪತ್ರೆಯ ವ್ಯವಸ್ಥೆ ಬಗ್ಗೆ ಬರೆಯುವ ವರದಿಯಲ್ಲಿ ಬಳಸುತ್ತಾರೋ, ರಾತ್ರಿ ಒಂಬತ್ತರ ಚರ್ಚೆಯಲ್ಲಿ ನಾಲ್ಕು ಜನ ಕೂಗಾಡುವಾಗ ಹಿಂದೆ ಓಡಿಸುವ ದೃಶ್ಯವಾಗಿ ಬಳಸುತ್ತಾರೋ ಎಂಬುದು ಮೊದಲೇ ತಿಳಿಯಬೇಕು. ಲೈವ್ ಆದರೆ ಇನ್ನೂ ಎಚ್ಚರ ಬೇಕು, ಅಲ್ಲಿ ಆಡಿದ ಮಾತನ್ನು ಯಾರೂ ತಿದ್ದಲಾರರು. ದುಃಖದ ಮನೆಯವರು ಲೈವ್ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಷರತ್ತು ಮೊದಲು, ಮಾತು ಆಮೇಲೆ

ಮಾತಾಡಲು ಒಪ್ಪಿದರೆ ರೆಕಾರ್ಡ್ ಮಾಡಲು ಒಪ್ಪಿದಂತಲ್ಲ. ರೆಕಾರ್ಡ್ ಮಾಡಲು ಒಪ್ಪಿದರೆ ಪ್ರಸಾರ ಮಾಡಲು ಒಪ್ಪಿದಂತಲ್ಲ. ಈ ಮೂರನ್ನೂ ಬೇರೆಬೇರೆಯಾಗಿ ಕೇಳಿಸಿಕೊಂಡು ಬೇರೆಬೇರೆಯಾಗಿ ಹೂಂ ಅನ್ನಿ. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳೂ ಎದುರಿನವರಿಗೆ ತಿಳಿಸದೆ, ಒಪ್ಪಿಗೆ ಪಡೆಯದೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬಾರದು ಎನ್ನುತ್ತವೆ. ಕೆಲವು ವಿನಾಯಿತಿಗಳಿದ್ದರೂ ರೂಢಿಯ ನಿಯಮ ಇದೇ.

"ಇದು ಆಫ್ ದಿ ರೆಕಾರ್ಡ್" ಎಂದು ಎಲ್ಲ ಹೇಳಿ ಮುಗಿಸಿದ ಮೇಲೆ ಅಂದರೆ ಪ್ರಯೋಜನವಿಲ್ಲ. ಹೇಳುವ ಮೊದಲು ಅನ್ನಬೇಕು, ವರದಿಗಾರರು ಒಪ್ಪಬೇಕು. ಒಪ್ಪಿದ್ದು ಬರಹದಲ್ಲಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಛಾಪಾಕಾಗದ ಬೇಕಿಲ್ಲ, ವಾಟ್ಸ್ಆ್ಯಪ್ ಸಾಕು. ಹೀಗೆ ಬರೆದು ಕಳಿಸಬಹುದು:

"ಸಾರ್, ಮಾತಾಡ್ತೀನಿ. ಆದರೆ ನನ್ನ ಹೆಸರು, ಊರು, ಫ್ಯಾಕ್ಟರಿ ಹೆಸರು, ಫೋಟೋ, ದನಿ ಯಾವುದೂ ಬರಬಾರದು. ನಾನು ಹೇಳಿದ್ದನ್ನ ಬರೆದ ಮೇಲೆ ಆ ಭಾಗ ಮಾತ್ರ ನನಗೆ ಫೋನಲ್ಲಿ ಓದಿ ಹೇಳಿ. ಇದಕ್ಕೆ ಒಪ್ಪಿಗೆ ಇದ್ದರೆ 'ಸರಿ' ಅಂತ ಮೆಸೇಜ್ ಹಾಕಿ, ಆಮೇಲೆ ಮಾತಾಡೋಣ."

ಇಡೀ ವರದಿಯನ್ನು ಅಚ್ಚಾಗುವ ಮೊದಲೇ ತೋರಿಸಿ ಎಂದರೆ ಯಾವ ಪತ್ರಿಕೆಯೂ ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎದುರು ಪಕ್ಷದವರೂ ಅದನ್ನೇ ಕೇಳಿದರೆ ಸುದ್ದಿ ಬರೆಯುವುದೇ ಕಷ್ಟ. ಆದರೆ ನಿಮ್ಮ ಮಾತನ್ನು ನಿಮಗೇ ಓದಿ ಹೇಳಿ ಎಂದು ಕೇಳುವುದು ನ್ಯಾಯವಾದ ಕೋರಿಕೆ. ದಿನಾಂಕ, ಔಷಧದ ಹೆಸರು, ಸಂಬಂಧದ ಹೆಸರು ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ.

ಗುರುತು ಇರುವುದು ವಿವರದಲ್ಲಿ

ಈಗ ಮುಖ್ಯ ವಿಷಯ. ಒಂದು ಸಾಲನ್ನು ಕಲ್ಪಿಸಿಕೊಳ್ಳಿ: "ತಾಂಡವಪುರದಲ್ಲಿ ವಾಸವಿರುವ, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುವ, ಇಬ್ಬರು ಹೆಣ್ಣುಮಕ್ಕಳಿರುವ 34 ವರ್ಷದ ವಿಧವೆ (ಹೆಸರು ಬದಲಿಸಲಾಗಿದೆ)." ಬೆಂಗಳೂರಿನ ಡೆಸ್ಕಿನಲ್ಲಿ ಕೂತ ಉಪಸಂಪಾದಕರಿಗೆ ಈಕೆ ಅನಾಮಿಕೆ. ತಾಂಡವಪುರದ ನಲ್ಲಿಯ ಹತ್ತಿರ ನಿಂತವರಿಗೆ ಈಕೆ ಯಾರೆಂದು ಸಾಲು ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ. ಒಂದೊಂದು ವಿವರವೂ ನಿರಪಾಯವೇ. ಎಲ್ಲವೂ ಒಟ್ಟಿಗೆ ಸೇರಿದಾಗ ಮಾತ್ರ ಒಬ್ಬರೇ ಉಳಿಯುತ್ತಾರೆ.

ಆದ್ದರಿಂದ "ಹೆಸರು ಹಾಕಬೇಡಿ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಾನು ಯಾರಿಂದ ಮರೆಯಾಗಬೇಕು? ಅಪರಿಚಿತರಿಂದಲೋ, ಮಾಲೀಕರಿಂದಲೋ, ಗಂಡನ ಮನೆಯವರಿಂದಲೋ, ಮಗಳ ಶಾಲೆಯವರಿಂದಲೋ? ಕಾರ್ಖಾನೆಯವರಿಗೆ ಗೊತ್ತಾಗಬಾರದು ಎಂದಿದ್ದರೆ ವಿಭಾಗ, ಷಿಫ್ಟ್, ಎಷ್ಟು ವರ್ಷದ ಸರ್ವಿಸ್ ಎಂಬುದನ್ನು ಬಿಡಬೇಕು. ಊರಿಗೆ ಗೊತ್ತಾಗಬಾರದು ಎಂದಿದ್ದರೆ ಬೀದಿ, ಮಕ್ಕಳ ಸಂಖ್ಯೆ, ತೀರಿಹೋದವರ ದಿನಾಂಕ ಬಿಡಬೇಕು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಬೀದಿಯ ಹೆಸರೇ ಜಾತಿಯನ್ನೂ ಹೇಳಿಬಿಡುತ್ತದೆ ಎಂಬುದು ಹೊರಗಿನಿಂದ ಬಂದ ವರದಿಗಾರರಿಗೆ ಹೊಳೆಯದೆ ಇರಬಹುದು. ನೀವೇ ಹೇಳಿ.

ವಿವರ ಬಿಡುವುದಕ್ಕೂ ಸುಳ್ಳು ಬರೆಯುವುದಕ್ಕೂ ವ್ಯತ್ಯಾಸ ಇದೆ. ವಿಧವೆಯನ್ನು ಮುತ್ತೈದೆ ಮಾಡುವಂತಿಲ್ಲ, ಎರಡು ಲಕ್ಷದ ಸಾಲವನ್ನು ಐದು ಲಕ್ಷ ಮಾಡುವಂತಿಲ್ಲ. ವಿವರವನ್ನು ಹಿಗ್ಗಿಸಬಹುದು. ತಾಂಡವಪುರ ಎನ್ನುವಲ್ಲಿ ಮೈಸೂರು ಜಿಲ್ಲೆ, 34 ವರ್ಷ ಎನ್ನುವಲ್ಲಿ ಮೂವತ್ತು ದಾಟಿದವರು, ಔಷಧ ಕಾರ್ಖಾನೆ ಎನ್ನುವಲ್ಲಿ ಕಾರ್ಖಾನೆ. ಸತ್ಯ ಕೆಡುವುದಿಲ್ಲ, ಜಾಡು ಮಾತ್ರ ಅಳಿಯುತ್ತದೆ. ಬದಲಿ ಹೆಸರು ಇಡುವುದಾದರೆ ಅದೇ ಊರಿನಲ್ಲಿ ಆ ಹೆಸರಿನ ಇನ್ನೊಬ್ಬ ಹೆಣ್ಣುಮಗಳು ಇಲ್ಲವೆಂದು ನೋಡಿಕೊಳ್ಳಬೇಕು. ಇಲ್ಲವಾದರೆ ನಿಮ್ಮ ಕಥೆಯ ಭಾರ ಅವಳ ತಲೆಗೆ ಬೀಳುತ್ತದೆ.

ಕ್ಯಾಮೆರಾ ಬಂದಾಗ ಇನ್ನೂ ಹೆಚ್ಚು ಕಣ್ಣಿಡಬೇಕು. ಬೆನ್ನು ತೋರಿಸಿ ಕೂರಿಸುತ್ತಾರೆ, ಮುಖ ಮಸುಕು ಮಾಡುತ್ತಾರೆ, ಅಷ್ಟಕ್ಕೆ ಸಮಾಧಾನಪಡಬೇಡಿ. ಬಾಗಿಲ ಮೇಲಿನ ಬಣ್ಣ, ಗೋಡೆಗೆ ತೂಗುಹಾಕಿದ ಯಜಮಾನರ ಫೋಟೋ, ಅಂಗಳದ ಸ್ಕೂಟರಿನ ನಂಬರು, ಹಗ್ಗದ ಮೇಲೆ ಒಣಗುತ್ತಿರುವ ಮಗಳ ಶಾಲಾ ಸಮವಸ್ತ್ರ, ಕೈಯ ಮೇಲಿನ ಹಚ್ಚೆ, ಕಾರ್ಖಾನೆಯ ಐಡಿ ಕಾರ್ಡಿನ ದಾರ, ಹಿಂದೆ ಕಾಣುವ ನೀರಿನ ಟ್ಯಾಂಕು ಎಲ್ಲವೂ ಮಾತಾಡುತ್ತವೆ. ದನಿಯಂತೂ ಮುಖಕ್ಕಿಂತ ಬೇಗ ಗುರುತು ಕೊಡುತ್ತದೆ. ದನಿ ಬದಲಿಸಿ ಎಂದು ಕೇಳಿ, ಅಥವಾ ನಿಮ್ಮ ಮಾತನ್ನು ಬೇರೆಯವರಿಂದ ಓದಿಸಿ ಎಂದು ಕೇಳಿ. ಆದಷ್ಟೂ ಮನೆಯಲ್ಲಿ ಚಿತ್ರೀಕರಣ ಬೇಡ. ನಿಮ್ಮ ಊರಲ್ಲದ, ಪರಿಚಿತರ ಕೋಣೆಯೊಂದು ಎಲ್ಲಕ್ಕಿಂತ ಒಳ್ಳೆಯದು.

ಗ್ರೂಪಿನೊಳಗಿನ ಮಾತು

ಕಾರ್ಖಾನೆಯ ನೌಕರರದ್ದೊಂದು ಗ್ರೂಪ್, ಡಯಾಲಿಸಿಸ್ ಮಾಡಿಸಿಕೊಳ್ಳುವವರದ್ದೊಂದು, ವಿಶೇಷ ಮಕ್ಕಳ ತಂದೆತಾಯಿಯರದ್ದೊಂದು, ಊರಿನ ಯುವಕರದ್ದೊಂದು. ಇಂಥ ಗ್ರೂಪುಗಳಲ್ಲಿ ಜನ ಮನೆಯವರಿಗೂ ಹೇಳದ್ದನ್ನು ಬರೆಯುತ್ತಾರೆ, ರಾತ್ರಿ ಹೊತ್ತು ವಾಯ್ಸ್ ಮೆಸೇಜ್ ಹಾಕುತ್ತಾರೆ. ಓದುವವರು ತಮ್ಮಂಥವರೇ ಎಂಬ ನಂಬಿಕೆಯಿಂದ ಹೊರಬಂದ ಮಾತು ಅದು. ವರದಿಗಾರರು ಸುಮ್ಮನೆ ಸದಸ್ಯರಾಗಿ ಒಳಗೆ ಸೇರಿ, ಸ್ಕ್ರೀನ್‌ಶಾಟ್ ತೆಗೆದು ಸುದ್ದಿ ಮಾಡಿದರೆ ಆ ನಂಬಿಕೆ ಒಡೆಯುತ್ತದೆ. ಗ್ರೂಪಿನಲ್ಲಿ ಐನೂರು ಜನ ಇದ್ದಾರೆಂದರೆ ಅದು ಬಹಿರಂಗ ಸಭೆ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಮದುವೆ ಮನೆಯಲ್ಲಿ ಸಾವಿರ ಜನ ಇದ್ದರೂ ಅಲ್ಲಿ ಮೂಲೆಯಲ್ಲಿ ಕೂತು ಅತ್ತವಳ ಅಳು ಊರಿಗೆಲ್ಲ ಹಂಚುವಂಥದ್ದಾಗುವುದಿಲ್ಲ.

ಅಡ್ಮಿನ್ ಆದವರಿಗೆ ಒಂದು ಮಾತು. ವರದಿಗಾರರು ನಿಮ್ಮನ್ನು ಸಂಪರ್ಕಿಸಿ "ಇಂಥವರ ನಂಬರ್ ಕೊಡಿ" ಎಂದರೆ ಕೊಡಬೇಡಿ. ವರದಿಗಾರರ ಹೆಸರು, ಪತ್ರಿಕೆ, ವಿಷಯ, ಫೋನ್ ನಂಬರನ್ನು ಗ್ರೂಪಿಗೆ ಹಾಕಿ, ಇಷ್ಟ ಇರುವವರು ತಾವೇ ಫೋನ್ ಮಾಡಲಿ ಎಂದು ಬಿಟ್ಟುಬಿಡಿ. ಹೀಗೆ ಮಾಡಿದರೆ ಬೇಡದವರು ಬೇಡ ಎಂದು ಹೇಳುವ ಕಷ್ಟವೂ ಇರುವುದಿಲ್ಲ. ಎಷ್ಟೋ ಜನ ಎದುರಿಗೆ ನಿಂತು ಕೇಳಿದಾಗ ದಾಕ್ಷಿಣ್ಯಕ್ಕೆ ಬಿದ್ದು ಹೂಂ ಅಂದುಬಿಡುತ್ತಾರೆ, ರಾತ್ರಿ ನಿದ್ದೆ ಬರುವುದಿಲ್ಲ. "ಎರಡು ದಿನದ ಗಡುವು" ಎಂದು ಅಡ್ಮಿನ್ ಹೇಳಿದರೆ ಯೋಚಿಸಲು ಸಮಯವೂ ಸಿಗುತ್ತದೆ.

ಸದಸ್ಯರಿಗೆ: ನೀವು ಮಾತಾಡಲು ಒಪ್ಪಿದರೆ ನಿಮ್ಮದನ್ನು ಮಾತ್ರ ಹೇಳಿ. "ನಮ್ಮ ಗ್ರೂಪಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ಹಿಂಗಾಯ್ತು" ಎಂದು ಶುರುಮಾಡಿದರೆ, ಅವರು ಕೊಡದ ಒಪ್ಪಿಗೆಯನ್ನು ನೀವು ಕೊಟ್ಟಂತೆ. ಮನೆಯೊಳಗೂ ಇದೇ ನಿಯಮ. ಮಗನ ಕುಡಿತದ ಕಥೆ ತಾಯಿಯದೂ ಹೌದು, ಆದರೆ ಮಗನದೂ ಹೌದು.

ಕೆಲವು ಸಲ ನೀವು ಒಪ್ಪಿದರೂ ಹಾಕುವಂತಿಲ್ಲ

ಹೆಸರು ಬಿಟ್ಟರೆ ಸಾಲದು ಎಂಬುದು ನಮ್ಮ ಕಾನೂನಿಗೆ ಚೆನ್ನಾಗಿ ಗೊತ್ತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಮು ಮಗುವಿನ ಹೆಸರು, ವಿಳಾಸ, ಫೋಟೋ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಬೇರಾವುದೇ ವಿವರ ಬರಬಾರದು ಎನ್ನುತ್ತದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಕೂಡ ಇದೇ ಜಾಡಿನದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಜೈಲು. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸತ್ತವರಿಗೂ ಈ ಘನತೆ ಉಂಟು ಎಂದು ಸ್ಪಷ್ಟಪಡಿಸಿತು. ತಂದೆತಾಯಿ ಕೋಪದಲ್ಲಿ, ಸಂಕಟದಲ್ಲಿ "ಹಾಕಿ ಸಾ, ನನ್ನ ಮಗಳ ಫೋಟೋ ಎಲ್ಲರೂ ನೋಡಲಿ" ಎಂದರೂ ವರದಿಗಾರರು ಹಾಕುವಂತಿಲ್ಲ.

ಎಚ್‌ಐವಿ ಸೋಂಕಿತರ ವಿಷಯಕ್ಕೆ 2017ರ ಪ್ರತ್ಯೇಕ ಕಾಯ್ದೆ ಇದೆ. ಮಾನಸಿಕ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದು ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಇವೆಲ್ಲಕ್ಕೂ ಈಗ ಬಲವಾಗಿ ನಿಂತಿರುವುದು ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಾಗಂತ ಬಾಯಿ ಮುಚ್ಚಿಕೊಂಡಿರಬೇಕೆ?

ಇಲ್ಲ. ಹೇಳಬೇಕಾದ ಕಥೆಗಳಿವೆ, ಅವನ್ನು ಹೇಳಿದವರಿಂದಲೇ ಊರಿಗೆ ಒಳ್ಳೆಯದಾಗಿದೆ. ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಮೇ 2 ಮತ್ತು 3ರ ನಡುವೆ 24 ರೋಗಿಗಳು ತೀರಿಕೊಂಡರು. ಅವರಲ್ಲಿ ಆಮ್ಲಜನಕ ಸಿಗದೆ ಸತ್ತವರು ಬೆರಳೆಣಿಕೆಯಷ್ಟು ಮಂದಿ ಎಂಬ ಮಾತು ಮೊದಲು ಬಂದಿತ್ತು. ಆ ರಾತ್ರಿ ವಾರ್ಡಿನ ಹೊರಗೆ ನಿಂತಿದ್ದ ಮನೆಯವರು ಬಂದ ಫೋನ್ ಕರೆ, ಆಡಿದ ಕೊನೆಯ ಮಾತು, ಗಂಟೆ, ನಿಮಿಷ ಎಲ್ಲವನ್ನೂ ವರದಿಗಾರರ ಮುಂದೆ ಹೇಳಿದರು. ವಿಷಯ ಹೈಕೋರ್ಟಿಗೆ ಹೋಯಿತು, ಅದು ನೇಮಿಸಿದ ಸಮಿತಿ ತನಿಖೆ ನಡೆಸಿತು, ಮೊದಲಿನ ಲೆಕ್ಕ ನಿಲ್ಲಲಿಲ್ಲ. ಆ ಮನೆಗಳವರು ಮಾತಾಡದೆ ಇದ್ದಿದ್ದರೆ 24 ಎಂಬುದು ಬರಿಯ ಅಂಕಿಯಾಗಿ ಉಳಿಯುವ ಅಪಾಯವಿತ್ತು.

ಆದ್ದರಿಂದ ತೂಗಿ ನೋಡಿ. ನನ್ನ ಮಾತಿನಿಂದ ಯಾರಿಗೆ ಉಪಕಾರ? ಬೇರೊಬ್ಬರಿಗೆ ಇದೇ ಆಗದಂತೆ ತಡೆಯಬಹುದೇ? ಹೌದಾದರೆ ದಾಖಲೆ ಸಮೇತ, ಹೆಸರು ಸಮೇತ ಹೇಳುವುದೇ ಕೆಲವೊಮ್ಮೆ ಸರಿ, ಏಕೆಂದರೆ ಹೆಸರಿರುವ ಆರೋಪಕ್ಕೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ. ಬಿಲ್ಲು, ಡಿಸ್ಚಾರ್ಜ್ ಪತ್ರ, ಸಂಬಳದ ಚೀಟಿಯ ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಕಾಣದಂತೆ ಮುಚ್ಚಿ ಕೊಡಿ. ಸಾವಿನ ಮನೆಯಾದರೆ ಮೂರು ದಿನ ಕಾಯಿರಿ ಎಂದು ಹೇಳುವ ಹಕ್ಕು ನಿಮಗಿದೆ. ಕಾಯಲಾರದ ವರದಿಗಾರರಿಗೆ ಹೇಳಬೇಕಾಗಿಯೂ ಇಲ್ಲ. ಆತ್ಮಹತ್ಯೆಯಾದ ಮನೆಯಲ್ಲಿ ಹೇಗೆ ಸತ್ತರು ಎಂಬ ವಿವರ, ಬರೆದಿಟ್ಟ ಚೀಟಿ, ಫೋಟೋ ಕೇಳಿದರೆ ಕೊಡಬೇಡಿ. ಹೇಗೆ ಸತ್ತರು ಎಂಬ ವಿವರ, ಫೋಟೋ ಪ್ರಕಟಿಸಬಾರದೆಂಬ ಮಾರ್ಗಸೂಚಿಯನ್ನು ಪತ್ರಿಕಾ ಮಂಡಳಿಯೇ 2019ರಲ್ಲಿ ಹೊರಡಿಸಿದೆ.

ಬೇಡ ಎಂದು ತೀರ್ಮಾನಿಸಿದರೆ ಕಾರಣ ಕೊಡಬೇಕಿಲ್ಲ. "ಬುಡಿ ಸಾ, ನಮಗಿಷ್ಟ ಇಲ್ಲ" ಎಂದರೆ ಸಾಕು.

ತಾಲ್ಲೂಕು ವರದಿಗಾರರಿಗೂ ಒಂದು ಕೋರಿಕೆ. ನಾಳೆ ಅದೇ ಸಂತೆಯಲ್ಲಿ, ಅದೇ ದೊಡ್ಡ ಜಾತ್ರೆಯಲ್ಲಿ ಆ ಮನೆಯವರನ್ನು ನೋಡಬೇಕಾದವರು ನೀವೇ. ಮೇಲಿನ ಕಚೇರಿಯಿಂದ "ಅಳೋ ಶಾಟ್ ಬೇಕು" ಎಂದು ಫೋನ್ ಬಂದಾಗ ಆಗುವುದಿಲ್ಲ ಎನ್ನಬೇಕಾದವರೂ ನೀವೇ.

ಸುದ್ದಿ ಬಂದ ಮೇಲೆ

ಸುದ್ದಿ ಬಂದ ದಿನವೇ ಪತ್ರಿಕೆಯ ಪ್ರತಿ ತೆಗೆದಿಡಿ. ಟಿವಿ, ಯೂಟ್ಯೂಬ್ ಆದರೆ ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಂಡು ಸ್ಕ್ರೀನ್‌ಶಾಟ್ ತೆಗೆಯಿರಿ. ಒಪ್ಪಿದ ಷರತ್ತು ಮುರಿದಿದ್ದರೆ ಮೊದಲು ವರದಿಗಾರರಿಗೆ ಫೋನ್ ಮಾಡಿ. ಅನೇಕ ಸಲ ತಪ್ಪು ಡೆಸ್ಕಿನಲ್ಲಿ ಆಗಿರುತ್ತದೆ, ವರದಿಗಾರರೇ ಸರಿಪಡಿಸುತ್ತಾರೆ. ಆಗದಿದ್ದರೆ ಸಂಪಾದಕರಿಗೆ ಬರಹದಲ್ಲಿ ಕಳಿಸಿ. ಅಚ್ಚಿನ ಪತ್ರಿಕೆಯ ವಿರುದ್ಧ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ. ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಬೇಕು. ಸುದ್ದಿ ವಾಹಿನಿಯಾದರೆ ಮೊದಲು ವಾಹಿನಿಯ ದೂರು ಅಧಿಕಾರಿಗೆ, ಪ್ರಸಾರವಾದ ಒಂದು ವಾರದೊಳಗೇ ಬರೆಯಿರಿ. ಸಮಾಧಾನವಾಗದಿದ್ದರೆ ಆ ವಾಹಿನಿ ಸದಸ್ಯವಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಹೋಗಬಹುದು. ಯೂಟ್ಯೂಬ್‌ನಲ್ಲಿ ಖಾಸಗಿತನದ ದೂರಿಗೇ ಪ್ರತ್ಯೇಕ ಅರ್ಜಿ ಇದೆ. ಸಾಮಾನ್ಯವಾಗಿ ವಿಡಿಯೊ ಹಾಕಿದವರಿಗೆ ಅದನ್ನು ತೆಗೆಯಲು 48 ಗಂಟೆ ಕೊಡುತ್ತಾರೆ. ವಿಡಿಯೊ ಉಳಿಸಿಕೊಂಡರೂ ಕಾಮೆಂಟ್ ಮುಚ್ಚಿ ಎಂದು ಚಾನೆಲ್‌ನವರನ್ನು ಕೇಳಿ. ಮನೆಯವರನ್ನು ಹೆಚ್ಚು ಚುಚ್ಚುವುದು ಬಹಳ ಸಲ ಅಲ್ಲಿನ ಮಾತುಗಳೇ.

ಮಕ್ಕಳ ಗುರುತು ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಬಿದ್ದಿದ್ದರೆ ಈ ಮೆಟ್ಟಿಲುಗಳನ್ನು ಹತ್ತುತ್ತ ಕೂರಬೇಡಿ. ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. ಮಗುವಿನ ವಿಷಯವಾದರೆ 1098ಕ್ಕೂ ಕರೆ ಮಾಡಬಹುದು.

ಇನ್ನೊಂದು ಫೋನ್ ಬರುತ್ತದೆ, ಅದಕ್ಕೂ ಸಿದ್ಧರಿರಿ. ಘಟನೆ ನಡೆದು ವರ್ಷ ತುಂಬಿದಾಗ "ಈಗ ಹೇಗಿದ್ದೀರಿ ಅಮ್ಮಾ" ಎಂದು ಹೊಸ ವರದಿಗಾರರು ಕರೆ ಮಾಡುತ್ತಾರೆ, ಐದು ವರ್ಷ ತುಂಬಿದಾಗ ಮತ್ತೊಬ್ಬರು. ಆಗ ಹೂಂ ಅಂದಿದ್ದಕ್ಕೆ ಈಗಲೂ ಹೂಂ ಅನ್ನಬೇಕೆಂದಿಲ್ಲ. ಮಗಳು ದೊಡ್ಡವಳಾಗಿರಬಹುದು, ಕೆಲಸ ಬದಲಾಗಿರಬಹುದು, ಅಥವಾ ನಿಮಗೆ ಆ ದಿನಕ್ಕೆ ಮರಳುವುದು ಬೇಡವಾಗಿರಬಹುದು. ಹಳೆಯ ಸಂದರ್ಶನದ ತುಣುಕನ್ನೂ ಮತ್ತೆ ಹಾಕಬಾರದು ಎಂದಿದ್ದರೆ, ಅದು ಮೊದಲು ಪ್ರಕಟವಾದ ದಿನಾಂಕ ಮತ್ತು ಲಿಂಕ್ ಸೇರಿಸಿ ಸಂಪಾದಕರಿಗೆ ಇಮೇಲ್ ಬರೆಯಿರಿ, ಆ ಇಮೇಲಿನ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.